ಅಂಚೆ ಕಾರ್ಡಿನಲ್ಲಿ ಉಳಿದ ಪಟ್ಟಣ

ಕೆಂಗೇರಿಯಲ್ಲಿ ಮೈಸೂರಿನ ಕಡೆಗೆ ಹೋಗುವ ರೈಲು ಹತ್ತಿ ಕಿಟಕಿಯ ಪಕ್ಕ ಜಾಗ ಹಿಡಿದವರಿಗೆ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಒಂದೊಂದಾಗಿ ಹಿಂದೆ ಸರಿಯುತ್ತವೆ. ಪಾಂಡವಪುರ ದಾಟಿದ ಮೇಲೆ ಗದ್ದೆ ತೋಟಗಳ ನಡುವೆ ಕಾವೇರಿಯ ಒಂದು ಕವಲು ಎದುರಾಗುತ್ತದೆ. ಸೇತುವೆಯ ಮೇಲೆ ಗಾಲಿಗಳ ಸದ್ದು ಬದಲಾಗುತ್ತದೆ. ಸ್ವಲ್ಪ ಹೊತ್ತಿಗೆಲ್ಲ ರೈಲು ಹಳೆಯ ಕೋಟೆಯ ಗೋಡೆಯನ್ನು ಸೀಳಿಕೊಂಡು ಒಳಗೆ ಹೋಗಿ ನಿಂತುಬಿಡುತ್ತದೆ. ಕೋಟೆಯೊಳಗೇ ರೈಲು ನಿಲ್ದಾಣ! ಊರಿನ ಹೆಸರು ಶ್ರೀರಂಗಪಟ್ಟಣ. ಸುತ್ತಲಿನ ಹಳ್ಳಿಗಳವರಿಗೆ ಇದು ಬರೀ ‘ಪಟ್ಟಣ’.

ಸುಮಾರು ನೂರಿಪ್ಪತ್ತು ವರ್ಷಗಳ ಹಿಂದೆ ಇದೇ ದಾರಿಯಲ್ಲಿ, ಆಗ ಮೀಟರ್ ಗೇಜ್ ಆಗಿದ್ದ ಹಳಿಗಳ ಮೇಲೆ, ಇಂಗ್ಲಿಷ್ ಪ್ರವಾಸಿಗಳು ಬಂದು ಇಳಿಯುತ್ತಿದ್ದರು. ಬೆಂಗಳೂರು–ಮೈಸೂರು ರೈಲು ಮಾರ್ಗ ಸಿದ್ಧವಾದದ್ದು 1880ರ ದಶಕದ ಆರಂಭದಲ್ಲಿ. ಅಂದಿನ ಪ್ರವಾಸಿಗೆ ಬಿಡದಿ ಬಿಡದಿಯೇ ಆಗಿತ್ತು. ಆದರೆ ರಾಮನಗರ ‘ಕ್ಲೋಸ್‌ಪೇಟೆ’, ಪಾಂಡವಪುರ ‘ಫ್ರೆಂಚ್ ರಾಕ್ಸ್’, ಶ್ರೀರಂಗಪಟ್ಟಣ ‘ಸೆರಿಂಗಪಟಂ’. ಕೋಟೆ, ಗುಂಬಜ್, ದರಿಯಾ ದೌಲತ್ ನೋಡಿ ಮೈಸೂರಿಗೋ ಬೆಂಗಳೂರಿಗೋ ಹೋದ ಮೇಲೆ ಅವರು ಕೊಳ್ಳುತ್ತಿದ್ದ ವಸ್ತುಗಳಲ್ಲಿ ಒಂದು, ಅಂಗೈಯಗಲದ ಒಂದು ರಟ್ಟಿನ ತುಂಡು. ಒಂದು ಕಡೆ ಚಿತ್ರ, ಇನ್ನೊಂದು ಕಡೆ ವಿಳಾಸ. ಅದೇ ಸಚಿತ್ರ ಅಂಚೆ ಕಾರ್ಡು.

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರದ ಮಕ್ಕಳು ತಮ್ಮ ಬಡಾವಣೆಯ ಹಳೆಯ ಕಾರ್ಡು ಹುಡುಕಹೊರಟರೆ ನಿರಾಶೆಯೇ ಗತಿ. ಬೆಂಗಳೂರಿನ ಆ ಕಾಲದ ಕಾರ್ಡುಗಳಲ್ಲಿ ಕಬ್ಬನ್ ಪಾರ್ಕ್ ಇದೆ, ಲಾಲ್‌ಬಾಗ್ ಇದೆ, ಇಂದು ಎಂ.ಜಿ. ರಸ್ತೆಯಾಗಿರುವ ಸೌತ್ ಪೆರೇಡ್ ಇದೆ. ಪಶ್ಚಿಮದ ಈ ಬಡಾವಣೆಗಳು ಇರಲೇ ಇಲ್ಲ. ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದದ್ದೇ 1949ರಲ್ಲಿ. ಉಳಿದವು ಇನ್ನೂ ಈಚಿನವು. ಆದರೆ ಈ ಭಾಗದವರ ಮನೆಬಾಗಿಲಿನಿಂದ ಹೊರಡುವ ಮೈಸೂರು ರಸ್ತೆಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನಿಂದ ಸುಮಾರು 125 ಕಿಲೋಮೀಟರ್ ದೂರದಲ್ಲಿ, ಕಾರ್ಡುಗಳಲ್ಲಿ ಮತ್ತೆ ಮತ್ತೆ ಮುದ್ರಣಗೊಂಡ ಊರೊಂದಿದೆ. ಅದರ ಕಥೆಗೂ ಬೆಂಗಳೂರಿನ ಕಥೆಗೂ ಬಿಡಿಸಲಾಗದ ನಂಟೂ ಇದೆ.

ಕಾರ್ಡು ಬಂದ ಬಗೆ

ಲೋಕದ ಮೊದಲ ಸರ್ಕಾರಿ ಅಂಚೆ ಕಾರ್ಡು ಹೊರಬಂದದ್ದು 1869ರ ಅಕ್ಟೋಬರ್‌ನಲ್ಲಿ, ಆಸ್ಟ್ರಿಯಾ–ಹಂಗೇರಿಯಲ್ಲಿ. ಹತ್ತು ವರ್ಷ ಕಳೆಯುವುದರೊಳಗೆ, 1879ರ ಜುಲೈ 1ರಂದು, ಭಾರತದಲ್ಲೂ ಕಾರ್ಡು ಬಂತು. ಬೆಲೆ ಕಾಲಾಣೆ. ‘ಕಾಲಾಣೆ ಕಾರ್ಡು’ ಎಂಬ ಮಾತು ನಮ್ಮ ಅಜ್ಜಂದಿರ ಬಾಯಲ್ಲಿ ಬಹಳ ಕಾಲ ಉಳಿದಿತ್ತು. ಚಿತ್ರವಿರುವ ಕಾರ್ಡುಗಳು ಇಲ್ಲಿ ಕಾಣಿಸಿಕೊಂಡದ್ದು 1890ರ ದಶಕದ ಕೊನೆಗೆ. 1900ರಿಂದ ಮೊದಲ ಮಹಾಯುದ್ಧ ಆರಂಭವಾದ 1914ರವರೆಗೆ ಅವುಗಳ ಸುವರ್ಣಯುಗ. ಮದ್ರಾಸಿನ ವೀಲೆ ಅಂಡ್ ಕ್ಲೈನ್ ಛಾಯಾಚಿತ್ರ ಸಂಸ್ಥೆ, 1844ರಷ್ಟು ಹಿಂದೆಯೇ ಆರಂಭವಾಗಿದ್ದ ಪುಸ್ತಕ ವ್ಯಾಪಾರಿ ಹಿಗಿನ್‌ಬಾಥಮ್ಸ್ ಮುಂತಾದವರು ದಕ್ಷಿಣ ಭಾರತದ ಊರುಗಳ ಕಾರ್ಡುಗಳನ್ನು ಮಾರುತ್ತಿದ್ದರು. ಹಿಗಿನ್‌ಬಾಥಮ್ಸ್ 1905ರಲ್ಲಿ ಬೆಂಗಳೂರಿನ ಸೌತ್ ಪೆರೇಡಿನಲ್ಲೂ ಅಂಗಡಿ ತೆರೆಯಿತು.

ಇಲ್ಲೊಂದು ಸ್ವಾರಸ್ಯವಿದೆ. ಕಾರ್ಡಿನಲ್ಲಿ ಅಚ್ಚಾಗಿ ಇಂಗ್ಲೆಂಡಿಗೆ ಪ್ರಯಾಣ ಮಾಡಿದ ಈ ಊರೇ ನಮ್ಮ ಅಂಚೆಯ ತವರು. ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಚಿಕ್ಕದೇವರಾಜ ಒಡೆಯರ್ 17ನೆಯ ಶತಮಾನದ ಕೊನೆಯ ಭಾಗದಲ್ಲಿ ರಾಜ್ಯದಾದ್ಯಂತ ಓಲೆ ಸಾಗಿಸುವ ವ್ಯವಸ್ಥೆ ಮಾಡಿದರು. ಅದೇ ಮೈಸೂರಿನ ಅಂಚೆ. ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೆ, ಅಂದರೆ 1889ರವರೆಗೆ, ಅದು ಸ್ವತಂತ್ರವಾಗಿಯೇ ನಡೆಯಿತು. ಇಲಾಖೆ ಹೋದರೂ ‘ಅಂಚೆ’ ಎಂಬ ಹೆಸರು ಕನ್ನಡದಲ್ಲಿ ನಿಂತಿತು.

ಪ್ರವಾಸಿಯ ಕಣ್ಣು

ಇಷ್ಟೊಂದು ಊರುಗಳಿರುವಾಗ ಶ್ರೀರಂಗಪಟ್ಟಣದ ಮೇಲೆಯೇ ಕಾರ್ಡು ವ್ಯಾಪಾರಿಗಳಿಗೆ ಮಮತೆ ಏಕೆ? ಉತ್ತರ ಇಂಗ್ಲೆಂಡಿನಲ್ಲಿದೆ. 1799ರ ಮೇ 4ರಂದು ಕೋಟೆ ಬಿದ್ದು ಟಿಪ್ಪು ಸುಲ್ತಾನ್ ಮಡಿದ ಸುದ್ದಿ ಅಲ್ಲಿ ಹಬ್ಬದಂತೆ ಬರಮಾಡಿಕೊಳ್ಳಲ್ಪಟ್ಟಿತು. ಮರುವರ್ಷವೇ ರಾಬರ್ಟ್ ಕೆರ್ ಪೋರ್ಟರ್ ಎಂಬ ತರುಣ ಕಲಾವಿದ ನೂರಡಿಗೂ ಉದ್ದದ ಚಿತ್ರಪಟದಲ್ಲಿ ಕೋಟೆಯ ಮುತ್ತಿಗೆಯನ್ನು ಬಿಡಿಸಿ ಲಂಡನ್ನಿನಲ್ಲಿ ಪ್ರದರ್ಶನಕ್ಕಿಟ್ಟ. ಸಿಪಾಯಿಯ ಮೇಲೆರಗಿದ ಟಿಪ್ಪುವಿನ ಮರದ ಹುಲಿ 1808ರಿಂದ ಲಂಡನ್ನಿನ ಈಸ್ಟ್ ಇಂಡಿಯಾ ಹೌಸಿನಲ್ಲಿ ಜನರನ್ನು ಸೆಳೆಯುತ್ತಿತ್ತು. ಇಂದು ಅದು ಅಲ್ಲಿಯ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. 1868ರಲ್ಲಿ ಪ್ರಕಟವಾದ ವಿಲ್ಕಿ ಕಾಲಿನ್ಸ್‌ನ ಜನಪ್ರಿಯ ಪತ್ತೇದಾರಿ ಕಾದಂಬರಿ ‘ದಿ ಮೂನ್‌ಸ್ಟೋನ್’ ಶುರುವಾಗುವುದೇ ಈ ಕೋಟೆಯ ಲೂಟಿಯ ಪ್ರಸಂಗದಿಂದ. ಹೀಗಾಗಿ ಮಂಡ್ಯ ಎಲ್ಲಿದೆಯೆಂದು ತಿಳಿಯದ ಇಂಗ್ಲಿಷರಿಗೂ ‘ಸೆರಿಂಗಪಟಂ’ ಗೊತ್ತಿತ್ತು. ನಿಲ್ದಾಣದಲ್ಲಿ ಇಳಿಯುವ ಹೊತ್ತಿಗೆ ಪ್ರವಾಸಿಯ ತಲೆಯಲ್ಲಿ ಚಿತ್ರ ಸಿದ್ಧವಾಗಿರುತ್ತಿತ್ತು. ಕಾರ್ಡು ಅದನ್ನು ಖಾತ್ರಿ ಮಾಡಿಕೊಡಬೇಕಿತ್ತು, ಅಷ್ಟೇ.

ಆದ್ದರಿಂದಲೇ ಕಾರ್ಡುಗಳು ಹಿಡಿದ ದೃಶ್ಯಗಳಲ್ಲಿ ಒಂದು ವರಸೆ ಕಾಣುತ್ತದೆ. ಟಿಪ್ಪುವಿನ ಶವ ಸಿಕ್ಕಿದ ಕಡೆಯ ಕೋಟೆ ಬಾಗಿಲು, ಬಿರುಕು ಬಿಟ್ಟ ಕೋಟೆ ಗೋಡೆ, ಬ್ರಿಟಿಷ್ ಸೆರೆಯಾಳುಗಳ ನೆಲಮಾಳಿಗೆ, ಗೋರಿಗಳ ಗುಂಬಜ್, ಯುದ್ಧದ ಚಿತ್ರಗಳಿರುವ ದರಿಯಾ ದೌಲತ್. ಊರಿಡೀ ಒಂದು ರಣರಂಗ!

ಇವುಗಳಲ್ಲಿ ಎರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಒಂದು, ಕರ್ನಲ್ ಬೈಲಿಯ ಹೆಸರಿನ ಸೆರೆಮನೆ. ಇನ್ನೊಂದು, 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ದರಿಯಾ ದೌಲತ್‌ನ ಪಶ್ಚಿಮ ಗೋಡೆ. 1780ರಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಬೈಲಿಯ ಸೈನ್ಯವನ್ನು ನುಚ್ಚುನೂರು ಮಾಡಿದರು. ಸೆರೆಸಿಕ್ಕ ಬೈಲಿ 1782ರಲ್ಲಿ ಶ್ರೀರಂಗಪಟ್ಟಣದಲ್ಲೇ ತೀರಿಕೊಂಡ. ಅವನನ್ನು ಈ ನೆಲಮಾಳಿಗೆಯಲ್ಲೇ ಇಟ್ಟಿದ್ದರೆಂಬುದು ಪ್ರತೀತಿ. ಅದೇ ಬೈಲಿ ದರಿಯಾ ದೌಲತ್‌ನ ಗೋಡೆಯ ಮೇಲೆ ಪಲ್ಲಕ್ಕಿಯಲ್ಲಿ ಕುಳಿತಿದ್ದಾನೆ. ಸುತ್ತ ಮದ್ದಿನ ಬಂಡಿ ಸಿಡಿಯುತ್ತಿದೆ, ಎಡಬಲದಿಂದ ಮೈಸೂರಿನ ಕುದುರೆಗಳು ಮುತ್ತುತ್ತಿವೆ. ಒಂದೇ ಘಟನೆಯನ್ನು ನೆಲಮಾಳಿಗೆಯ ಕಾರ್ಡು ಬೈಲಿಯ ದುರಂತವೆಂದು ಹೇಳುತ್ತದೆ, ಗೋಡೆ ಮೈಸೂರಿನ ಗೆಲುವೆಂದು ಹೇಳುತ್ತದೆ. ಗೋಡೆಯ ಬಣ್ಣ ಮಾಸಿದಾಗ ಅದನ್ನು 1850ರ ದಶಕದಲ್ಲಿ ಮತ್ತೆ ಬರೆಸಿದವನು ಗವರ್ನರ್ ಜನರಲ್ ಡಾಲ್‌ಹೌಸಿ. ತಮ್ಮವರ ಸೋಲಿನ ಚಿತ್ರವನ್ನು ತಾವೇ ಖರ್ಚು ಮಾಡಿ ಉಳಿಸಿದ್ದು ಇಂಗ್ಲಿಷರ ಒಂದು ವಿಚಿತ್ರ ಗುಣ ಎನ್ನಬೇಕು.

ಬಿದ್ದುಹೋದ ಕಮಾನು

ಅಂದಿನ ಪ್ರವಾಸಿಗಳು ತಪ್ಪದೆ ನೋಡುತ್ತಿದ್ದ, ಇಂದು ನೋಡಲಾಗದ ಒಂದು ವಸ್ತುವಿದೆ. ಅದು ಡಿ ಹ್ಯಾವಿಲೆಂಡ್ ಕಮಾನು. ಥಾಮಸ್ ಡಿ ಹ್ಯಾವಿಲೆಂಡ್ ಮದ್ರಾಸ್ ಸೈನ್ಯದ ಎಂಜಿನಿಯರ್. ಮುಂದೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್ ಮತ್ತು ಸೇಂಟ್ ಆಂಡ್ರೂಸ್ ಚರ್ಚುಗಳನ್ನು ಕಟ್ಟಿದವನು ಇವನೇ. ಶ್ರೀರಂಗಪಟ್ಟಣದಲ್ಲಿದ್ದಾಗ ಕಾವೇರಿಗೆ ದೊಡ್ಡ ದೊಡ್ಡ ಇಟ್ಟಿಗೆಯ ಕಮಾನುಗಳ ಸೇತುವೆ ಕಟ್ಟಬಹುದೆಂದು ಹೇಳಿದ. ಮೇಲಿನವರು ನಂಬಲಿಲ್ಲ. ಸರಿ, ತೋರಿಸಿಯೇ ಬಿಡುತ್ತೇನೆಂದು 1808ರ ಸುಮಾರಿಗೆ ಒಣನೆಲದ ಮೇಲೆ ಒಂದು ಕಮಾನು ಎಬ್ಬಿಸಿ ನಿಲ್ಲಿಸಿದ. ತುದಿಯಿಂದ ತುದಿಗೆ ನೂರಡಿಗೂ ಹೆಚ್ಚು. ನಡುವೆ ಒಂದು ಕಂಬವಿಲ್ಲ, ಬಾಗೂ ಅಷ್ಟೇನಿಲ್ಲ.

ಕಮಾನಿನ ನೆತ್ತಿಯ ಮೇಲೆ ನಿಂತು ಕುಪ್ಪಳಿಸಿದರೆ ಇಡೀ ಕಟ್ಟಡ ಸಣ್ಣಗೆ ತೂಗುವುದು ಕಾಲಿಗೆ ಗೊತ್ತಾಗುತ್ತಿತ್ತಂತೆ. ‘ತೂಗುವ ಕಮಾನು’ ಎಂದೇ ಅದಕ್ಕೆ ಹೆಸರು ಬಂತು. ಭೌತಶಾಸ್ತ್ರ ಓದುವ ಮಕ್ಕಳಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ಯಾವ ಕಟ್ಟಡವೂ ಪೂರ್ತಿ ಬಿಗಿಯಲ್ಲ. ಚಪ್ಪಟೆ ಕಮಾನು ತನ್ನ ಭಾರವನ್ನು ಎರಡು ಬದಿಗೆ ತಳ್ಳುತ್ತ ನಿಂತಿರುತ್ತದೆ, ಆ ಬದಿಗಳು ಗಟ್ಟಿಯಾಗಿರುವಷ್ಟು ದಿನ ಅದೂ ಗಟ್ಟಿ. ಡಿ ಹ್ಯಾವಿಲೆಂಡನ ಸೇತುವೆ ಕಾಗದದಲ್ಲೇ ಉಳಿಯಿತು. ಮಾದರಿ ಮಾತ್ರ ಶತಮಾನಕ್ಕೂ ಮೀರಿ ಬಾಳಿ 1930ರ ದಶಕದಲ್ಲಿ ಕುಸಿಯಿತು. ಇಂದು ಅದು ಹೇಗಿತ್ತೆಂದು ತಿಳಿಯಬೇಕಾದರೆ ಹಳೆಯ ಚಿತ್ರಗಳೇ ಆಧಾರ.

ಖಾಲಿ ಊರಿನ ಗುಟ್ಟು

ಈ ಕಾರ್ಡುಗಳನ್ನು ಸಾಲಾಗಿ ನೋಡುತ್ತ ಹೋದವರಿಗೆ ಒಂದು ಪ್ರಶ್ನೆ ಏಳುತ್ತದೆ. ಜನ ಎಲ್ಲಿ? ಗೋಡೆಯ ಪಕ್ಕ ಒಬ್ಬಾತ, ಬಾಗಿಲ ಬಳಿ ಇನ್ನೊಬ್ಬ. ಅವರನ್ನು ನಿಲ್ಲಿಸಿರುವುದೂ ಆ ಕಾಲದ ಛಾಯಾಗ್ರಾಹಕರ ಪದ್ಧತಿಯಂತೆ ಕಟ್ಟಡದ ಎತ್ತರ ತಿಳಿಯಲೆಂದು! ಒಂದು ರಾಜ್ಯದ ರಾಜಧಾನಿಯಾಗಿ 1610ರಿಂದ 1799ರವರೆಗೆ ಮೆರೆದ ಊರು ಹೀಗೇಕೆ?

ಛಾಯಾಗ್ರಾಹಕ ಜನರನ್ನು ಬಿಟ್ಟು ಕಲ್ಲನ್ನೇ ಆರಿಸಿಕೊಂಡದ್ದು ಒಂದು ಕಾರಣ. ಊರು ನಿಜವಾಗಿಯೂ ಖಾಲಿಯಾಗಿದ್ದದ್ದು ಇನ್ನೊಂದು ಕಾರಣ. 1800ರಲ್ಲಿ ಇಲ್ಲಿಗೆ ಬಂದ ಫ್ರಾನ್ಸಿಸ್ ಬುಕಾನನ್, ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದಿರಬಹುದೆಂದು ಅಂದಾಜು ಮಾಡಿದ. ಅವನು ಬಂದಾಗ ಉಳಿದಿದ್ದವರು ಅವನ ಲೆಕ್ಕದಂತೆ ಸುಮಾರು 32,000. ಯುದ್ಧ ಮುಗಿದು ಒಂದೇ ವರ್ಷ! ಕೋಟೆ ಬಿದ್ದೊಡನೆ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಿ ನಡೆಯಿತು. ಆಸ್ಥಾನ, ಅಧಿಕಾರಿಗಳು, ಅವರನ್ನು ನಂಬಿದ ಕುಶಲಕರ್ಮಿಗಳು ಅತ್ತ ಹೋದರು. ಒಳಕೋಟೆಯ ಲಾಲ್ ಮಹಲ್ ಅರಮನೆ ಶ್ರೀಗಂಧದ ಕೋಠಿಯಾಯಿತು, ಆಮೇಲೆ ಅದೂ ನೆಲಸಮವಾಯಿತು. ಬ್ರಿಟಿಷರ ದಂಡು ಕೆಲವು ವರ್ಷ ಇಲ್ಲೇ ಇತ್ತು. ಆದರೆ ದ್ವೀಪದ ಚಳಿಜ್ವರ ಸಿಪಾಯಿಗಳನ್ನು ಬಿಡಲಿಲ್ಲ. ಆಗಿನ್ನೂ ಮಲೇರಿಯಾ ಸೊಳ್ಳೆಯಿಂದ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ‘ಕೆಟ್ಟ ಗಾಳಿ’ ಎಂದೇ ನಂಬಿದ್ದರು. ಕಡೆಗೆ 1811ರ ಹೊತ್ತಿಗೆ ದಂಡನ್ನು ಎತ್ತರದ, ತಂಪು ಗಾಳಿಯ ಊರಿಗೆ ಸಾಗಿಸಿದರು. ಆ ಊರೇ ಬೆಂಗಳೂರು. ಹಲಸೂರಿನ ಆಸುಪಾಸಿನಲ್ಲಿ ಕಂಟೋನ್ಮೆಂಟ್ ಬೆಳೆದದ್ದು ಹೀಗೆ.

ನಂಟು ಅಲ್ಲಿಗೂ ಮುಗಿಯಲಿಲ್ಲ. 1799ರ ನಂತರ ಶ್ರೀರಂಗಪಟ್ಟಣದ ದ್ವೀಪ ಕಂಪನಿಯ ಸ್ವತ್ತಾಗಿಯೇ ಉಳಿದಿತ್ತು. ಮೈಸೂರು ಸಂಸ್ಥಾನ ವರ್ಷಕ್ಕೆ 50,000 ರೂಪಾಯಿ ತೆತ್ತು ಅದನ್ನು ಗೇಣಿಗೆ ಪಡೆದಿತ್ತು. ತನ್ನದೇ ಹಳೆಯ ರಾಜಧಾನಿಗೆ ತಾನೇ ಬಾಡಿಗೆ! 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ ಅದಲುಬದಲು ನಡೆಯಿತು. ದ್ವೀಪ ಮೈಸೂರಿಗೆ ಬಂತು. ಅದಕ್ಕೆ ಬದಲಾಗಿ ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಬ್ರಿಟಿಷರ ವಶಕ್ಕೆ ಹೋಯಿತು. ಬೆಂಗಳೂರಿನ ಹಳೆಯ ಕಾರ್ಡುಗಳಲ್ಲಿ ಕಾಣುವ ಅಗಲ ರಸ್ತೆ, ಬಂಗಲೆ, ಚರ್ಚುಗಳಿಗೂ ಶ್ರೀರಂಗಪಟ್ಟಣದ ಕಾರ್ಡುಗಳಲ್ಲಿ ಕಾಣುವ ನಿರ್ಜನ ಬೀದಿಗಳಿಗೂ ಸಂಬಂಧವಿರುವುದು ಹೀಗೆ.

ಮೇಲೆ ಪ್ಲೇಗು ಬಂತು. 1898ರಿಂದ ಮೈಸೂರು ಸೀಮೆಯನ್ನು ಅಲ್ಲಾಡಿಸಿದ ಆ ಪಿಡುಗು ತಗ್ಗಿದ ಮೇಲೆ, 1901ರ ಜನಗಣತಿಯಲ್ಲಿ, ಊರಿನಲ್ಲಿ ಸಿಕ್ಕವರು ಸುಮಾರು 8,500 ಮಂದಿ. ಕಾರ್ಡಿನ ಸುವರ್ಣಯುಗ ಆರಂಭವಾದದ್ದು ಸರಿಯಾಗಿ ಆಗಲೇ! ಕ್ಯಾಮೆರಾ ಹೊತ್ತವರು ಬಂದದ್ದು ಊರಿನ ಅತ್ಯಂತ ಬಡಕಲು ದಿನಗಳಲ್ಲಿ. ಕಾಯಿಲೆಯಿಂದ ಎದ್ದವನ ಫೋಟೋ ತೆಗೆದು ‘ಇವನು ಹುಟ್ಟಾ ಹೀಗೇ’ ಎಂದಂತಾಯಿತು. ಹಾಳು ಕೋಟೆಯೇ ಶ್ರೀರಂಗಪಟ್ಟಣ ಎಂಬ ಆ ಚಿತ್ರ ಎಷ್ಟು ಗಟ್ಟಿಯಾಗಿ ಕೂತಿತೆಂದರೆ, ಇಂದಿಗೂ ಶಾಲಾ ಪ್ರವಾಸದ ಬಸ್ಸುಗಳು ನಿಲ್ಲುವ ಜಾಗಗಳಲ್ಲಿ ಬಹುಪಾಲು ಆ ಕಾರ್ಡುಗಳ ಜಾಗಗಳೇ.

ಚೌಕಟ್ಟಿನ ಆಚೆ

ಊರಿನವರಿಗೆ ಮುಖ್ಯವಾದದ್ದು ಬೇರೆಯೇ ಇತ್ತು. ರಂಗನಾಥಸ್ವಾಮಿ ದೇವಾಲಯದಿಂದಲೇ ಊರಿಗೆ ಹೆಸರು. ಕಾವೇರಿಯ ಮೂರು ರಂಗಕ್ಷೇತ್ರಗಳಲ್ಲಿ ಇದು ಆದಿರಂಗ. ಪ್ರವಾಸಿಯ ಕಾರ್ಡಿಗೆ ಹೊರಗಿನಿಂದ ಕಾಣುವ ಗೋಪುರವಷ್ಟೇ ಸಾಕಾಗಿತ್ತು. ಪೂರ್ವಕ್ಕೆ ಹರಿಯುವ ಕಾವೇರಿಯ ಕವಲೊಂದು ಪಶ್ಚಿಮಕ್ಕೆ ತಿರುಗುವ ಪಶ್ಚಿಮವಾಹಿನಿಗೆ ಅಸ್ಥಿ ವಿಸರ್ಜನೆಗೆಂದು ದೂರದೂರದಿಂದ ಜನ ಬರುತ್ತಿದ್ದರು, ಇಂದಿಗೂ ಬರುತ್ತಾರೆ. 1948ರಲ್ಲಿ ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನೂ ಇಲ್ಲಿಯೇ ಬಿಡಲಾಯಿತು. ದ್ವೀಪದ ಪೂರ್ವ ಭಾಗದ ಗಂಜಾಂ, ಸಿರಾದಿಂದ ಸಾವಿರಾರು ಕುಟುಂಬಗಳನ್ನು ಕರೆತಂದು ಟಿಪ್ಪು ನೆಲೆಗೊಳಿಸಿದ ಪೇಟೆ. ಅಲ್ಲಿಯ ಅಂಜೂರಕ್ಕೆ ದೊಡ್ಡ ಹೆಸರಿತ್ತು. ಇವೆಲ್ಲ ಬದುಕಿನ ಸಂಗತಿಗಳು. ಯುದ್ಧದ ಕಥೆಗೆ ಇವು ಬೇಕಿರಲಿಲ್ಲ.

ಕಾರ್ಡಿನ ಬಣ್ಣವನ್ನೂ ನಂಬುವಂತಿಲ್ಲ. ಆ ಕಾಲದ ಛಾಯಾಚಿತ್ರ ಕಪ್ಪು ಬಿಳುಪಿನದು. ಬಣ್ಣದ ಕಾರ್ಡುಗಳಲ್ಲಿ ಅನೇಕವು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಕಾವೇರಿಯನ್ನು ಕನಸಿನಲ್ಲೂ ಕಾಣದ ಕೆಲಸಗಾರ ಹೊಳೆಗೆ ತನಗೆ ತೋಚಿದ ನೀಲಿ, ಆಕಾಶಕ್ಕೆ ತನಗೆ ಇಷ್ಟವಾದ ಕೆಂಪು ಹಚ್ಚುತ್ತಿದ್ದ.

ಹಾಗಾದರೆ ಕಾರ್ಡಿನಲ್ಲಿ ನಂಬುವಂಥದ್ದೇನಿದೆ? ಪತ್ತೇದಾರಿ ಬುದ್ಧಿಯ ಮಕ್ಕಳಿಗೆ ಕೆಲಸ ಇರುವುದು ಇಲ್ಲೇ. 1799ರಲ್ಲಿ ಮಡಿದ ಸೈನಿಕರ ನೆನಪಿಗೆ ಕೋಟೆಯ ಮೇಲೆ ಚೂಪು ತುದಿಯ ಸ್ತಂಭವನ್ನು ಮೈಸೂರು ಸರ್ಕಾರ ನಿಲ್ಲಿಸಿದ್ದು 1907ರಲ್ಲಿ. ಆ ಸ್ತಂಭ ಕಾಣುವ ಚಿತ್ರ ಅದಕ್ಕಿಂತ ಹಳೆಯದಾಗಲಾರದು. ಹಿಂಬದಿ ಪೂರ್ತಿ ವಿಳಾಸಕ್ಕೇ ಮೀಸಲಾಗಿದ್ದು ಒಕ್ಕಣೆಯನ್ನು ಚಿತ್ರದ ಅಂಚಿನಲ್ಲಿ ಇಡುಕಿರಿಸಿದ್ದರೆ ಕಾರ್ಡು ಇನ್ನೂ ಹಳೆಯದು. ಹಿಂಬದಿಯನ್ನು ನಡುಗೆರೆ ಎಳೆದು ಎರಡು ಭಾಗ ಮಾಡುವ ಪದ್ಧತಿ ಬ್ರಿಟನ್ನಿನಲ್ಲಿ 1902ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ಎಲ್ಲೆಡೆ ಹರಡಿತು. ಅಂಚೆ ಚೀಟಿಯ ಮೇಲಿನ ಮುಖವೂ ಸಾಕ್ಷಿ ಹೇಳುತ್ತದೆ: ವಿಕ್ಟೋರಿಯಾ ರಾಣಿಯೇ, ಏಳನೆಯ ಎಡ್ವರ್ಡನೇ, 1911ರಿಂದ ಬಂದ ಐದನೆಯ ಜಾರ್ಜನೇ? ಆದರೆ ಎಚ್ಚರ! ಹಳೆಯ ನೆಗೆಟಿವ್‌ನಿಂದ ಹತ್ತಾರು ವರ್ಷ ಕಾರ್ಡು ಮುದ್ರಿಸುವ ರೂಢಿ ಇತ್ತು. ಚೀಟಿ, ಮುದ್ರೆಗಳು ಕಾರ್ಡನ್ನು ಕಳಿಸಿದ ಕಾಲ ಹೇಳುತ್ತವೆ, ಚಿತ್ರ ತೆಗೆದ ಕಾಲವನ್ನಲ್ಲ.

ಹೊಳೆಯೂ ಒಂದು ಗಡಿಯಾರವೇ. ಮೇಲ್ಭಾಗದಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾದದ್ದು 1911ರಲ್ಲಿ. ಅದಕ್ಕೂ ಹಿಂದಿನ ಚಿತ್ರಗಳಲ್ಲಿ ಇರುವುದು ಅಣೆಕಟ್ಟಿನ ಅಂಕೆಗೆ ಸಿಗದ ಕಾವೇರಿ: ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಬಂಡೆ ಬಂಡೆಯಾಗಿ ಬತ್ತುವ ಹೊಳೆ. 1799ರ ಮುತ್ತಿಗೆ ಮೇ ತಿಂಗಳ ಆರಂಭದಲ್ಲಿ ನಡೆದದ್ದಕ್ಕೂ ಇದೇ ಕಾರಣ. ಮುಂಗಾರು ಬಿದ್ದು ನೀರು ಏರಿದ್ದರೆ ದಾಳಿಕಾರರಿಗೆ ದಾಟಲು ದಾರಿಯೇ ಇರುತ್ತಿರಲಿಲ್ಲ. ಬತ್ತಿದ ಹೊಳೆಯ ಕಾರ್ಡು ಸಿಕ್ಕರೆ, ಜನರಲ್ ಬೇರ್ಡ್‌ನ ಸೈನಿಕರು ಹಾಡುಹಗಲೇ ನೀರಿಗಿಳಿದದ್ದು ಹೇಗೆಂದು ಪಾಠಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ.

ಇಂದಿನ ಪಟ್ಟಣ

ಇಂಥ ಕಾರ್ಡುಗಳಿಗೆ ಈಗ ವಿದ್ವಾಂಸರ ಮನ್ನಣೆಯೂ ಸಿಕ್ಕಿದೆ. 2018ರಲ್ಲಿ ಲಂಡನ್ನಿನ ಸೋಆಸ್ ವಿಶ್ವವಿದ್ಯಾಲಯದ ಬ್ರೂನೈ ಗ್ಯಾಲರಿಯಲ್ಲಿ ಮದ್ರಾಸು ಮತ್ತು ಬೆಂಗಳೂರಿನ ಹಳೆಯ ಕಾರ್ಡುಗಳದೇ ಒಂದು ಪ್ರದರ್ಶನ ನಡೆಯಿತು. ನಗರಗಳ ಇತಿಹಾಸ ಬರೆಯಲು ಅವು ಆಕರವಾಗಬಲ್ಲವು ಎಂಬುದೇ ಅದರ ತಿರುಳಾಗಿತ್ತು.

ಊರಿಗಾದರೋ ಹೊಸ ಹೊಸ ಪರೀಕ್ಷೆಗಳು. ಹಳಿ ಜೋಡಿ ಮಾಡುವ ಕಾಮಗಾರಿಗೆ ಟಿಪ್ಪುವಿನ ಕಾಲದ ಮದ್ದಿನ ಮನೆಯೊಂದು ಅಡ್ಡ ಬಂತು. ಒಡೆಯಬಾರದೆಂಬ ನಿರ್ಧಾರವಾಯಿತು. 2017ರ ಮಾರ್ಚ್‌ನಲ್ಲಿ ಇಡೀ ಕಟ್ಟಡವನ್ನು ಜಾಕ್‌ಗಳ ಮೇಲೆ ಎತ್ತಿ ಸುಮಾರು 100 ಮೀಟರ್ ಆಚೆಗೆ ಸರಿಸಿ ಕೂರಿಸಲಾಯಿತು. ಡಿ ಹ್ಯಾವಿಲೆಂಡ್ ಇದ್ದಿದ್ದರೆ ಟೋಪಿ ತೆಗೆಯುತ್ತಿದ್ದ! ಶ್ರೀರಂಗಪಟ್ಟಣದ ಸ್ಮಾರಕಗಳು 2014ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿದವು. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋಗುವುದರಿಂದ, ಮೊದಲಿನಂತೆ ದಾರಿಯಲ್ಲಿ ತಾನಾಗಿ ಸಿಗುವ ಊರು ಇದಲ್ಲ.

ಒಂದು ಭಾನುವಾರ ಮಕ್ಕಳನ್ನು ಕರೆದುಕೊಂಡು ಹೊರಡುವ ತಂದೆತಾಯಿಗಳಿಗೆ ರೈಲೇ ಅನುಕೂಲ. ಜೊತೆಗೆ ನಾಲ್ಕಾರು ಹಳೆಯ ಚಿತ್ರಗಳ ನಕಲುಗಳಿದ್ದರೆ ಸಾಕು. ಛಾಯಾಗ್ರಾಹಕ ನಿಂತ ಜಾಗವನ್ನೇ ಹುಡುಕಿ ನಿಲ್ಲುವುದು ಆಟವೂ ಹೌದು, ಪಾಠವೂ ಹೌದು. ಗುಂಬಜಿನ ಎದುರು ಹತ್ತು ನಿಮಿಷದಲ್ಲಿ ಜಾಗ ಸಿಗುತ್ತದೆ. ಕೋಟೆ ಗೋಡೆಯ ಚಿತ್ರಗಳಿಗೆ ಮರಗಳು, ಮನೆಗಳು ಅಡ್ಡ ಬರುತ್ತವೆ. ತುಸು ಸುತ್ತಾಡಬೇಕು. ಕಮಾನಿನ ಚಿತ್ರಕ್ಕೆ ಜೋಡಿ ಸಿಗುವುದಿಲ್ಲ.

ಸಲೀಸಾಗಿ ಸಿಗುವುದು ಉತ್ತರದ ಕವಲಿನ ವೆಲ್ಲೆಸ್ಲಿ ಸೇತುವೆ. ದಿವಾನ್ ಪೂರ್ಣಯ್ಯನವರು 1804ರಲ್ಲಿ ಮುಗಿಸಿದ ಈ ಸೇತುವೆಗೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟರು. ಕಟ್ಟಿದ ರೀತಿ ಮಾತ್ರ ಅಚ್ಚ ದೇಶಿ. ಕಮಾನಿನ ಗೊಡವೆಯೇ ಇಲ್ಲ. ಹೊಳೆಯ ಬಂಡೆಯಲ್ಲಿ ನೆಟ್ಟ ಕಲ್ಲುಕಂಬಗಳ ಸಾಲುಗಳು, ಅವುಗಳ ಮೇಲೆ ಚಾಚಿದ ಕಲ್ಲುಗಳು, ಅದರ ಮೇಲೆ ಹಾಸುಗಲ್ಲು. ಡಿ ಹ್ಯಾವಿಲೆಂಡ್ ತನ್ನ ಕಮಾನನ್ನು ಎಬ್ಬಿಸುವ ಹೊತ್ತಿಗೆ ಈ ಸೇತುವೆಯ ಮೇಲೆ ಗಾಡಿಗಳು ಓಡಾಡುತ್ತಿದ್ದವು. ಪ್ರವಾಹಗಳು ಇದರ ಮೇಲೂ ಹರಿದಿವೆ, ಇದನ್ನೂ ಪೆಟ್ಟು ಮಾಡಿವೆ. ನೀರು ತಗ್ಗಿದ ದಿನ ದಡದಲ್ಲಿ ನಿಂತು ಕಾರ್ಡನ್ನು ಕಣ್ಣಮುಂದೆ ಹಿಡಿದರೆ, ಕಂಬಗಳ ಸಾಲು ಕಾರ್ಡಿನ ಸಾಲಿನೊಂದಿಗೆ ಹೊಂದಿಕೊಂಡು ಕೂರುತ್ತದೆ.